ಹನ್ನೊಂದು ಐವತ್ತರ ಮೇಲ್

ಹುಣಸೂರು
ಬುಧವಾರ, 19 ನವೆಂಬರ್ 2025

ಚಿನ್ನು ಅಪ್ಪನವರಿಗೆ,

ಆಶಾರಾಣಿಯ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು, ಕೈ ಬರುತ್ತಿಲ್ಲ. ಚಿನ್ನು ಚೆನ್ನಾಗಿದ್ದಾಳೆ, ಆ ಮಟ್ಟಿಗೆ ಧೈರ್ಯವಾಗಿರಿ. ನಾನು ಚೆನ್ನಾಗಿಲ್ಲ.

ಒಂದೂವರೆ ವರ್ಷ ಬೇರೆ ಇದ್ದು ಈಗ ಇವಳಿಗೆ ಕಾಗದ ಬರೆಯುವ ಬುದ್ಧಿ ಯಾಕೆ ಬಂತು ಎಂದುಕೊಳ್ಳುತ್ತೀರಿ. ನಿನ್ನೆ ಮೂರು ಸಲ ನಿಮ್ಮ ನಂಬರ್ ಒತ್ತಿದೆ, ರಿಂಗ್ ಆಗುವ ಮುಂಚೆಯೇ ಕಟ್ ಮಾಡಿದೆ. ನೀವು ‘ಏನು, ಹೇಳು’ ಅಂದ ತಕ್ಷಣ ನನ್ನ ಬಾಯಲ್ಲಿ ಸುಳ್ಳೇ ಬರುತ್ತದೆ ಎಂದು ಗೊತ್ತಿತ್ತು. ಒಂಬತ್ತು ದಿನದಿಂದ ನಾಲಿಗೆ ಅದಕ್ಕೆ ಚೆನ್ನಾಗಿ ಪಳಗಿದೆ. ವಾಟ್ಸಾಪಿನಲ್ಲಿ ಬರೆದರೆ ಎರಡೂ ಕಡೆಯಿಂದ ಅಳಿಸಿಬಿಡಬಹುದು. ಅಳಿಸುವುದಕ್ಕೆ ಆಗದ ಜಾಗದಲ್ಲಿ ಬರೆಯಬೇಕು ಅನ್ನಿಸಿ, ಮಧ್ಯಾಹ್ನದಿಂದ ಅರ್ಧ ದಿನ ರಜೆ ಹಾಕಿ, ಚಿನ್ನುವಿನ ರಫ್ ನೋಟ್ಸಿನ ಹಾಳೆ ಹರಿದುಕೊಂಡು ಅಡುಗೆಮನೆಯಲ್ಲಿ ಕೂತಿದ್ದೇನೆ. ನಾಳೆ ಬೆಳಿಗ್ಗೆ ನೀವಿರುವ ಕೋಟೆಗೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಅವರ ಕೈಗೆ ಕೊಟ್ಟಮೇಲೆ ವಾಪಸ್ ಕೇಳುವುದಕ್ಕೆ ನನಗೆ ನಾಚಿಕೆಯಾಗುತ್ತದೆ, ಅಷ್ಟು ಸಾಕು.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಯಾಕೆಂದರೆ ಈ ಕಾಗದವನ್ನು ಬೇರೆಯವರೂ ಓದಬೇಕಾಗಬಹುದು.

ನಮ್ಮ ಆಸ್ಪತ್ರೆಯ ನೆಟ್‌ವರ್ಕ್ ನೀವೇ ಕಟ್ಟಿದ್ದು, ಈಗ ನೋಡಿಕೊಳ್ಳುವವಳು ನಾನು. ಹಳೇ ಕಟ್ಟಡದಲ್ಲಿ ಲ್ಯಾಬು, ನನ್ನ ಟೇಬಲ್ಲು. ರಸ್ತೆಯಾಚೆ ಹೊಸ ಕಟ್ಟಡದಲ್ಲಿ ವಾರ್ಡು. ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ ಅಲ್ಲೊಂದು, ಇಲ್ಲೊಂದು, ನಡುವೆ ರಸ್ತೆಯ ಕೆಳಗೆ ಒಂದು ಫೈಬರ್ ತಂತಿ. ಲ್ಯಾಬಿನ ಕಂಪ್ಯೂಟರುಗಳು ಒಂದು ಗುಂಪು, ವಾರ್ಡಿನವು ಇನ್ನೊಂದು ಗುಂಪು. ಒಂದೇ ತಂತಿಯಲ್ಲಿ ಓಡಾಡಿದರೂ ಈ ಗುಂಪಿಗೆ ಆ ಗುಂಪು ಕಾಣುವುದಿಲ್ಲ. ಇಲ್ಲಿಂದ ಅಲ್ಲಿಗೆ ಏನಾದರೂ ಹೋಗಬೇಕಾದರೆ ಹಳೇ ಕಟ್ಟಡದ ದೊಡ್ಡ ಸ್ವಿಚ್ ದಾಟಿಸಬೇಕು.

ಮದುವೆಯಾದ ಹೊಸತರಲ್ಲಿ ಕಟ್ಟೆಮಳಲವಾಡಿಯ ಮನೆಯಲ್ಲಿ ನೆಲದ ಮೇಲೆ ಕೂತು ನನಗೆ ಇದನ್ನು ಹೇಳಿಕೊಟ್ಟವರು ನೀವು. ನಿಮ್ಮಪ್ಪ, ಚಿಕ್ಕಪ್ಪ ಪಾಲಾಗಿ ಹಜಾರದ ನಡುವೆ ಗೋಡೆ ಎದ್ದಿತ್ತು. ಒಂದೇ ಸೂರು, ಎರಡು ಒಲೆ. ಗೋಡೆಯಲ್ಲಿ ಬಿಟ್ಟಿದ್ದ ಬಾಗಿಲಲ್ಲಿ ಅಜ್ಜಿ ಶಿವನಂಜಮ್ಮ ಕಾಲು ನೀಡಿ ಕೂತು, ಈ ಒಲೆಯ ಸಾರನ್ನು ಆ ಕಡೆಗೂ ಆ ಒಲೆಯ ಪಲ್ಯವನ್ನು ಈ ಕಡೆಗೂ ದಾಟಿಸುತ್ತಿದ್ದರು. ‘ನೋಡು, ರೂಟಿಂಗ್ ಅಂದ್ರೆ ನಮ್ಮಜ್ಜಿ ಕಣೆ’ ಎಂದಿರಿ. ಅಜ್ಜಿಗೆ ಕೇಳಿಸಿಬಿಟ್ಟಿತು. ‘ಯಾತಕ್ಲಾ ನನ್ನ ಆಡ್ಕತೀಯ’ ಎಂದು ಎಲೆಯಡಿಕೆ ಡಬ್ಬ ಎತ್ತಿದರು. ಆವತ್ತು ನಾನು ನಕ್ಕಷ್ಟು ಆಮೇಲೆ ನಕ್ಕಿದ್ದು ಕಮ್ಮಿ.

ಈಗ ನಡೆದದ್ದು. ಇದೇ ಹತ್ತನೇ ತಾರೀಖು ಸೋಮವಾರ ಪಿರಿಯಾಪಟ್ಟಣದ ಕಡೆಯಿಂದ ಕುಳ್ಳಮ್ಮ ಎನ್ನುವವರನ್ನು ಅವರ ಮಗ ಚೆಲುವರಾಜು ಕರೆತಂದು ವಾರ್ಡಿಗೆ ಸೇರಿಸಿದ. ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದವರು. ಮೊದಲೇ ಕಿಡ್ನಿ ತೊಂದರೆ, ಎರಡು ದಿನದಿಂದ ಕೈಕಾಲಲ್ಲಿ ಶಕ್ತಿಯೇ ಇರಲಿಲ್ಲವಂತೆ. ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ಲ್ಯಾಬಿನ ರಮ್ಯಶ್ರೀ ನೋಡಿದರೆ ಪೊಟ್ಯಾಸಿಯಂ ಇರಬೇಕಾದ್ದಕ್ಕಿಂತ ತೀರಾ ಮೇಲೆ, ಎದೆಬಡಿತವನ್ನೇ ನಿಲ್ಲಿಸುವಷ್ಟು. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಅವಳು ರಿಪೋರ್ಟ್ ಕಳಿಸಿದಳು, ಅವಳ ಪರದೆಯ ಮೇಲೆ ಹಸಿರು ಗುರುತು ಬಂತು. ವಾರ್ಡಿನ ಪರದೆಗೆ ಏನೂ ಬರಲಿಲ್ಲ. ಒಂದೂಕಾಲಿಗೆ ಕುಳ್ಳಮ್ಮನ ಎದೆಬಡಿತ ನಿಂತಿತು. ಡಾಕ್ಟರು, ಸಿಸ್ಟರುಗಳು ಸೇರಿ ಒದ್ದಾಡಿ ಮತ್ತೆ ಬಡಿಯುವಂತೆ ಮಾಡಿ ಮೈಸೂರಿಗೆ ಕಳಿಸಿದರು. ಈಗ ಕಣ್ಣು ಬಿಡುತ್ತಾರೆ. ಮಗನನ್ನು ಗುರುತು ಹಿಡಿಯುವುದಿಲ್ಲ. ರಿಪೋರ್ಟ್ ಹೊತ್ತಿಗೆ ಸರಿಯಾಗಿ ಕಂಡಿದ್ದರೆ ಒಂದು ಇಂಜೆಕ್ಷನ್ನಿನಲ್ಲಿ ಹತೋಟಿಗೆ ತರುತ್ತಿದ್ದೆವು ಎಂದು ವಾರ್ಡಿನ ಡಾಕ್ಟರು ನನ್ನ ಮುಂದೆಯೇ ಹೇಳಿದರು.

ಮೊದಲಾಗಿದ್ದರೆ ಇಂಥ ರಿಪೋರ್ಟನ್ನು ಲ್ಯಾಬಿನವರು ಫೋನಿನಲ್ಲಿ ಓದಿ ಹೇಳುತ್ತಿದ್ದರು. ಆ ಪದ್ಧತಿ ಬಿಡಿಸಿದವಳು ನಾನೇ. ‘ಇನ್ನು ಯಾರೂ ಫೋನ್ ಹಿಡಿದು ಕೂಗಾಡಬೇಡಿ, ಎಲ್ಲ ಪರದೆ ಮೇಲೆ ಬರುತ್ತೆ’ ಎಂದು ಎಲ್ಲರನ್ನೂ ಕೂರಿಸಿಕೊಂಡು ಭಾಷಣ ಬಿಗಿದಿದ್ದೆ. ಈಗ ಆಸ್ಪತ್ರೆಯವರು ರಮ್ಯಶ್ರೀಯನ್ನು ಹಿಡಿದುಕೊಂಡಿದ್ದಾರೆ. ಕಳಿಸಿದ್ದೇ ಸುಳ್ಳು, ಆಮೇಲೆ ಹೆದರಿ ಹೊತ್ತು ತಿದ್ದಿದ್ದಾಳೆ ಎನ್ನುತ್ತಾರೆ. ಅಮಾನತು ಮಾಡಿದ್ದಾರೆ. ನಾಡಿದ್ದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಅವತ್ತು ಅವಳ ಹೆಸರು ಬರೆದು ಪೊಲೀಸಿಗೆ ಕೊಟ್ಟರೆ ಆ ಹುಡುಗಿ ಮತ್ತೆ ಯಾವ ಲ್ಯಾಬಿನ ಮೆಟ್ಟಿಲೂ ಹತ್ತುವಂತಿಲ್ಲ.

ನೆಟ್‌ವರ್ಕ್ ಕಡೆ ಏನೂ ತೊಂದರೆ ಇರಲಿಲ್ಲ ಎಂದು ನಾನು ಬರೆದುಕೊಟ್ಟಿದ್ದೇನೆ. ಸಹಿ ಹಾಕಿದ್ದೇನೆ. ನಮ್ಮ ಆಸ್ಪತ್ರೆಯ ಮಾಲೀಕರು, ದೊಡ್ಡ ಡಾಕ್ಟರು, ಸ್ವಿಚ್‌ನಲ್ಲಿ ಯಾವಾಗ ಏನಾಯಿತು ಎಂಬ ಲಾಗ್ ಇರುತ್ತದಲ್ಲ ತೋರಿಸಮ್ಮ ಎಂದರು. ಸಂಜೆ ಕರೆಂಟ್ ಹೋಗಿ ಸ್ವಿಚ್ ರೀಸ್ಟಾರ್ಟ್ ಆಯಿತು, ಲಾಗ್ ಹೋಯಿತು ಸಾರ್ ಎಂದೆ. ಅಷ್ಟು ಹೊತ್ತು ನೀನೆಲ್ಲಿದ್ದೆ ಎಂದು ಕೇಳಿದರು. ಟೆರೇಸಿನ ಮೇಲೆ ಕ್ಯಾಮೆರಾ ಕೆಲಸ ನೋಡುತ್ತಿದ್ದೆ ಎಂದೆ.

ಇಷ್ಟೂ ಸುಳ್ಳು. ಇಲ್ಲಿಯತನಕ ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಇನ್ನು ನಿಜ ಬರೆಯುತ್ತೇನೆ.

ಹೊಸ ಕಟ್ಟಡಕ್ಕೆ ಕ್ಯಾಮೆರಾ ಹಾಕಿಸಿದ್ದರು. ಅವುಗಳಿಗೆ ಬೇರೆ ಗುಂಪು ಮಾಡಿ, ಆ ಗುಂಪನ್ನೂ ರಸ್ತೆ ಕೆಳಗಿನ ತಂತಿಯಲ್ಲಿ ಬಿಡಬೇಕಿತ್ತು. ಐದು ನಿಮಿಷದ ಕೆಲಸ. ಆ ದಿನ ಹನ್ನೆರಡಕ್ಕೆ ಚಿನ್ನು ಸ್ಕೂಲಿನಲ್ಲಿ ಪೋಷಕರ ಸಭೆ. ಹೋದ ಸಲ ಹೋಗಿರಲಿಲ್ಲ, ‘ಎಲ್ರ ಅಮ್ಮಂದ್ರೂ ಬಂದಿದ್ರು’ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಹನ್ನೊಂದು ನಲವತ್ತೆಂಟಕ್ಕೆ ಗಡಿಬಿಡಿಯಲ್ಲಿ ಕಮಾಂಡ್ ಹೊಡೆದೆ. ಈಗಿರುವವರ ಜೊತೆಗೆ ಕ್ಯಾಮೆರಾದವರನ್ನೂ ಸೇರಿಸು ಎನ್ನುವ ಕಡೆ ‘ಸೇರಿಸು’ ಎಂಬುದನ್ನು ಬಿಟ್ಟೆ. ಅದು ಬಿಟ್ಟರೆ ಸ್ವಿಚ್ ಏನು ತಿಳಿದುಕೊಳ್ಳುತ್ತದೆ ಎಂದು ನಿಮಗೆ ಗೊತ್ತು. ಕ್ಯಾಮೆರಾದವರನ್ನು ಮಾತ್ರ ಬಿಡು, ಮಿಕ್ಕವರಿಗೆಲ್ಲ ಬಾಗಿಲು ಹಾಕು ಎಂದು. ವಾರ್ಡಿಗೆ ಹೋಗುವ ದಾರಿ ಆ ಕ್ಷಣವೇ ಮುಚ್ಚಿತು.

ಬದಲಾವಣೆ ಮಾಡಿದ ಮೇಲೆ ರಸ್ತೆ ದಾಟಿ ಆ ಕಡೆಯ ಮೆಷಿನ್ ಮುಂದೆ ಕೂತು ನೋಡದೆ ಸೇವ್ ಮಾಡಬೇಡ ಎಂದು ನೀವು ನೂರು ಸಲ ಹೇಳಿದ್ದೀರಿ. ನಾನು ದಾಟಲಿಲ್ಲ. ನನ್ನ ಟೇಬಲ್ಲಿನಿಂದಲೇ ಲ್ಯಾಬಿನ ಕಂಪ್ಯೂಟರನ್ನು ಕೂಗಿ ನೋಡಿದೆ, ಓಗೊಟ್ಟಿತು. ಕ್ಯಾಮೆರಾ ಚಿತ್ರವೂ ಬಂತು. ಗೋಡೆಯ ಈ ಕಡೆ ನಿಂತು ಈ ಕಡೆಯವರನ್ನೇ ಕೂಗಿದರೆ ಓ ಅನ್ನದೆ ಇನ್ನೇನು? ರಮ್ಯಶ್ರೀಗೆ ಹಸಿರು ಗುರುತು ಬಂದದ್ದೂ ಹಾಗೆಯೇ. ರಿಪೋರ್ಟು ಹಳೇ ಕಟ್ಟಡದ ಕಂಪ್ಯೂಟರಿನಲ್ಲೇ ಉಳಿದಿತ್ತು, ಆಚೆ ದಾಟಲೇ ಇಲ್ಲ. ಹನ್ನೊಂದು ಐವತ್ತಕ್ಕೆ ಸೇವ್ ಮಾಡಿ ಸ್ಕೂಟಿ ಹತ್ತಿದೆ. ಟೆರೇಸಿಗಲ್ಲ, ಸ್ಕೂಲಿಗೆ. ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿಗೆ ಹಾಕಿದ್ದೆ, ಯಾರ ಕರೆಯನ್ನೂ ನೋಡಲಿಲ್ಲ. ಒಂದೂ ನಲವತ್ತಕ್ಕೆ ಬಂದಾಗ ವಾರ್ಡಿನ ಮುಂದೆ ಜನ ಸೇರಿತ್ತು. ಸಿಸ್ಟರ್ ಒಬ್ಬರು ‘ಆ ಅಮ್ಮನ ರಿಪೋರ್ಟು ಬರಲೇ ಇಲ್ಲ ಕಣ್ರೀ’ ಎಂದು ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. ಓಡಿ ಬಂದು ತೆರೆದು ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು. ಒಂದೂ ನಲವತ್ತನಾಲ್ಕಕ್ಕೆ ಸರಿ ಮಾಡಿ ಸೇವ್ ಮಾಡಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ತಪ್ಪು ಮಾಡಿದವಳಾಗುತ್ತಿದ್ದೆ, ಅಷ್ಟೆ. ಸಂಜೆ ಕರೆಂಟ್ ಹೋಗಲಿಲ್ಲ. ಎಲ್ಲರೂ ಮೈಸೂರಿನ ಸುದ್ದಿಗೆ ಕಾಯುತ್ತಿದ್ದಾಗ ನಾನು ಒಳಗೆ ಹೋಗಿ ದೊಡ್ಡ ಸ್ವಿಚ್‌ನ ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಿದೆ. ಲಾಗ್ ಹೋಗಲಿ ಎಂದೇ ಕಿತ್ತೆ.

ಇನ್ನು ಉಳಿದಿರುವುದು ನಿಮ್ಮ ಬಳಿ ಮಾತ್ರ. ಸ್ವಿಚ್‌ನಲ್ಲಿ ಯಾರು ಏನೇ ಬದಲಿಸಿ ಸೇವ್ ಮಾಡಿದರೂ ಒಂದು ಪ್ರತಿ ನಿಮ್ಮ ಮೇಲ್‌ಗೆ ಹೋಗುವಂತೆ ನೀವು ಮಾಡಿಟ್ಟಿದ್ದಿರಿ. ನೀವು ಕೋಟೆಗೆ ಹೋದಮೇಲೂ ನಾನು ಅದನ್ನು ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ನೀವು ಕೇಳಬೇಡಿ, ನಾನೂ ಕೇಳಿಕೊಂಡಿಲ್ಲ. ಹನ್ನೊಂದು ಐವತ್ತರ ಮೇಲ್ ಒಂದು, ಒಂದೂ ನಲವತ್ತನಾಲ್ಕರದ್ದು ಒಂದು. ಅಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ನೀವು ಅವನ್ನು ನೋಡಿದ್ದೀರಿ ಎಂಬುದೂ ನನಗೆ ಗೊತ್ತು.

ದಮ್ಮಯ್ಯ, ಅವೆರಡನ್ನೂ ಅಳಿಸಿಬಿಡಿ ಎಂದು ಕೇಳುವುದಕ್ಕೇ ಈ ಕಾಗದ ಶುರು ಮಾಡಿದೆ. ಹಾಗೆ ಬರೆದ ಮೊದಲ ಹಾಳೆಯನ್ನು ಒಲೆಗೆ ಹಾಕಿದ್ದೇನೆ.

ಕೆ.ಆರ್. ನಗರದ ಕಾಲೇಜಿಗೆ ನೀವು ನೆಟ್‌ವರ್ಕ್ ಕೆಲಸಕ್ಕೆ ಹೋದ ದಿನ ನೆನಪಿರಬೇಕು. ಒಂದೇ ತಂತಿಯ ಎರಡು ತುದಿಯನ್ನೂ ಒಂದೇ ಸ್ವಿಚ್‌ಗೆ ನೀವು ಮೈಮರೆತು ಚುಚ್ಚಿದಿರಿ, ಪರೀಕ್ಷೆ ಬರೆಯುತ್ತಿದ್ದ ಅಷ್ಟೂ ಮಕ್ಕಳ ಕಂಪ್ಯೂಟರ್ ನಿಂತುಹೋಯಿತು. ತಂತಿ ಎಳೆದವನು ಚುಂಚನಕಟ್ಟೆಯ ನಂಜಣ್ಣ, ಅವನೇ ತಪ್ಪು ಚುಚ್ಚಿದ ಎಂದು ಪ್ರಿನ್ಸಿಪಾಲರಿಗೆ ಹೇಳಿದಿರಿ. ‘ಬುಡಿ ಸಾ, ನಂದೇ ಇರ್ಬೌದು’ ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಆಮೇಲೆ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಹೋಗಿ ನಿಜ ಹೇಳಿ ಎಂದೆ, ನಿಮಗೆ ಆಗಲಿಲ್ಲ. ತಪ್ಪು ಯಾರು ಬೇಕಾದರೂ ಮಾಡುತ್ತಾರೆ, ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವವರ ಜೊತೆ ನನಗೆ ಊಟ ಸೇರುವುದಿಲ್ಲ ಎಂದೆ. ನಾಲ್ಕು ತಿಂಗಳು ಒಂದೇ ಮನೆಯಲ್ಲಿದ್ದು ನಿಮ್ಮ ಹತ್ತಿರ ಒಂದು ಮಾತು ಆಡಲಿಲ್ಲ. ‘ಅಪ್ಪಾ, ರಾಗಿ ಮಿಲ್ಲಿಗೆ ಹಾಕಿದ್ರಾ ಅಂತ ಅಮ್ಮ ಕೇಳ್ತಾವ್ರೆ’ ಎಂದು ಚಿನ್ನು ಒಂದು ರೂಮಿನಿಂದ ಇನ್ನೊಂದು ರೂಮಿಗೆ ಓಡಾಡುತ್ತಿದ್ದಳು. ಎಂಟು ವರ್ಷದ ಮಗುವನ್ನು ನಾವು ಆ ಕೆಲಸಕ್ಕೆ ಇಟ್ಟಿದ್ದೆವು. ಕೊನೆಗೆ ಅವಳೇ ಒಂದು ದಿನ ‘ನಂಗೆ ಸುಸ್ತಾಯ್ತದೆ, ನೀವೇ ಮಾತಾಡ್ಕಳಿ’ ಎಂದು ಅತ್ತಳು. ನಾವು ಮಾತಾಡಿಕೊಳ್ಳಲಿಲ್ಲ. ಮಾರನೇ ವಾರ ನೀವು ಬಟ್ಟೆ ತುಂಬಿಕೊಂಡಿರಿ.

ಅಷ್ಟೆಲ್ಲ ಅಂದವಳು ನಾನು. ನೀವು ಒಬ್ಬ ನಂಜಣ್ಣನಿಗೆ ಮಾಡಿದ್ದನ್ನು ನಾನು ಸಹಿ ಹಾಕಿ, ಪ್ಲಗ್ ಕಿತ್ತು, ಅಚ್ಚುಕಟ್ಟಾಗಿ ಮಾಡಿದ್ದೇನೆ.

ಇವತ್ತು ಬೆಳಿಗ್ಗೆ ರಮ್ಯಶ್ರೀ ಮನೆಗೆ ಬಂದಿದ್ದಳು. ಕೈಯಲ್ಲಿ ಟಿಫನ್ ಡಬ್ಬಿ. ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಉಣ್ಣುತ್ತಿದ್ದವರು, ನನಗೆ ಇಷ್ಟ ಎಂದು ಹುರುಳಿಕಾಳಿನ ಬಸ್ಸಾರು ತಂದಿದ್ದಳು. ನನ್ನ ಮೇಲೆ ಅನುಮಾನವೇ ಇಲ್ಲ ಅವಳಿಗೆ. ‘ಆಶಕ್ಕ, ನಾನು ಕಳ್ಸಿದ್ದೆ ಕಣಕ್ಕ. ಹಸಿರು ಬಂದಿದ್ದು ಕಣ್ಣಾರೆ ನೋಡಿದ್ದೀನಿ. ಕಂಪ್ಯೂಟರ್ ವಿಷ್ಯ ನಿನ್ಗೆ ಗೊತ್ತು, ಶುಕ್ರವಾರ ಒಂದು ಮಾತು ಹೇಳಕ್ಕ’ ಎಂದಳು. ಆಮೇಲೆ ಇನ್ನೊಂದು ಮಾತು ಅಂದಳು. ‘ಒಂದೊಂದ್ಸಲ ನಾನೇ ಕಳ್ಸಲಿಲ್ವೇನೋ ಅನ್ನಿಸ್ತದೆ. ಎಲ್ರೂ ಅಂಗೇ ಅಂತಾವ್ರಲ್ಲ.’ ನೋಡೋಣ ಎಂದೆ. ಡಬ್ಬಿ ಇನ್ನೂ ಇಲ್ಲೇ ಇದೆ, ಮುಚ್ಚಳ ತೆಗೆದಿಲ್ಲ.

ಚೆಲುವರಾಜು ದಿನಾ ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲುತ್ತಾನೆ. ಬೆಳಿಗ್ಗೆ ಮೈಸೂರಿನಲ್ಲಿ ತಾಯಿಯನ್ನು ನೋಡಿಕೊಂಡು ಬಸ್ಸಿನಲ್ಲಿ ಇಲ್ಲಿಗೆ ಬರುತ್ತಾನೆ. ಗಲಾಟೆ ಮಾಡುವುದಿಲ್ಲ. ಮೊನ್ನೆ ನನ್ನನ್ನು ನಿಲ್ಲಿಸಿ, ‘ಮೇಡಂ, ನಂಗೆ ದುಡ್ಡು ಬ್ಯಾಡ. ನಮ್ಮವ್ವಂಗೆ ಏನಾಯ್ತು ಅಂತ ಯಾರಾದ್ರೂ ಒಬ್ರು ಹೇಳ್ಬುಡಿ ಸಾಕು’ ಎಂದ. ನನಗೆ ಗೊತ್ತಿಲ್ಲಪ್ಪ ಎಂದು ಸ್ಕೂಟಿ ಸ್ಟಾರ್ಟ್ ಮಾಡಿದೆ. ಇಡೀ ಹುಣಸೂರಿನಲ್ಲಿ ಅದು ಗೊತ್ತಿರುವವಳು ನಾನೊಬ್ಬಳೇ.

ಹೇಳಿದರೆ ಕೆಲಸ ಹೋಗುತ್ತದೆ. ಕೇಸಾದರೂ ಆಗಬಹುದು. ಚಿನ್ನುವನ್ನು ನೀವು ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಕಾಗಬಹುದು. ಅವಳಿಗೆ ರಾತ್ರಿ ಜಡೆ ಬಿಚ್ಚಿ ಮಲಗಿಸಬೇಕು, ಇಲ್ಲದಿದ್ದರೆ ಬೆಳಿಗ್ಗೆ ತಲೆನೋವು ಎನ್ನುತ್ತಾಳೆ. ಅವಳಿಗಾಗಿಯೇ ಸುಳ್ಳು ಹೇಳಿದೆ ಎಂದು ಒಂಬತ್ತು ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ನಿಮ್ಮ ಮುಂದೆ ತಲೆ ತಗ್ಗಿಸಬೇಕಲ್ಲ ಎಂಬುದೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಈಗ ನಾನು ಕೇಳುವುದು ಇಷ್ಟು. ಮೇಲ್ ಅಳಿಸಬೇಡಿ. ಶುಕ್ರವಾರ ವಿಚಾರಣೆಯಲ್ಲಿ ನಾನೇ ಎದ್ದು ಹೇಳಬೇಕು ಎಂದುಕೊಂಡಿದ್ದೇನೆ. ಆದರೆ ನನ್ನನ್ನು ನಂಬಬೇಡಿ. ಬೆಳಿಗ್ಗೆ ರಮ್ಯಶ್ರೀ ಎದುರಿಗೆ ಕೂತಾಗಲೂ ಹೀಗೇ ಅಂದುಕೊಂಡಿದ್ದೆ. ಹೇಳಿದ ಮೇಲೆ ಹತ್ತೂವರೆಯೊಳಗೆ ನಿಮಗೆ ಫೋನ್ ಮಾಡುತ್ತೇನೆ. ಮಾಡಲಿಲ್ಲ ಎಂದರೆ ಆ ಎರಡು ಮೇಲನ್ನೂ ಈ ಕಾಗದದ ಫೋಟೋವನ್ನೂ ದೊಡ್ಡ ಡಾಕ್ಟರಿಗೆ ಕಳಿಸಿ. ಚೆಲುವರಾಜುವಿನ ನಂಬರನ್ನು ಹಿಂದುಗಡೆ ಬರೆದಿದ್ದೇನೆ, ಅವನಿಗೂ ಒಂದು ಪ್ರತಿ ಕಳಿಸಿ. ನಾನು ಆಮೇಲೆ ಫೋನ್ ಮಾಡಿ ಅತ್ತರೂ, ಚಿನ್ನು ಕೈಲಿ ಹೇಳಿಸಿದರೂ ನಿಲ್ಲಿಸಬೇಡಿ. ನಿಮ್ಮಿಂದ ಆವತ್ತು ಆಗದ್ದನ್ನು ನನ್ನ ವಿಷಯದಲ್ಲಾದರೂ ಮಾಡಿ. ನಂಜಣ್ಣನ ವಿಷಯ ಇನ್ನು ನಾನು ಎತ್ತುವುದಿಲ್ಲ, ಎತ್ತುವ ಬಾಯಿ ನನಗಿಲ್ಲ. ಅದು ನಿಮಗೆ ಬಿಟ್ಟದ್ದು.

ನಿಮ್ಮ ಊಟ ತಿಂಡಿ ಹೇಗಿದೆ ಎಂದು ಕೇಳಬೇಕು ಅನ್ನಿಸಿತು. ಇಷ್ಟೆಲ್ಲ ಬರೆದ ಮೇಲೆ ಅದನ್ನು ಕೇಳುವುದಕ್ಕೂ ಸಂಕೋಚ.

ಇತಿ,
ಚಿನ್ನು ಅಮ್ಮ
ಆಶಾರಾಣಿ

ಮರೆತದ್ದು: ಮರೆತಿರಲಿಲ್ಲ, ಬರೆಯುವ ಧೈರ್ಯ ಬಂದಿರಲಿಲ್ಲ. ಫೋನು ಬ್ಯಾಗಿನಲ್ಲಿತ್ತು ಎಂದು ಮೇಲೆ ಬರೆದಿದ್ದೇನೆ. ಬ್ಯಾಗಿನಲ್ಲಿ ಇರಲಿಲ್ಲ, ಕೈಯಲ್ಲೇ ಇತ್ತು. ಆ ಸೋಮವಾರ ಹನ್ನೆರಡು ಹತ್ತಕ್ಕೆ ಒಂದು ಸಲ, ಹನ್ನೆರಡು ಹನ್ನೆರಡಕ್ಕೆ ಒಂದು ಸಲ ನೀವು ಮಾಡಿದ ಎರಡು ಕರೆಯನ್ನೂ ನಾನು ನೋಡಿದೆ. ಭಾನುವಾರ ಸಂಜೆ ಚಿನ್ನು ಜೊತೆ ಮಾತಾಡುವುದಕ್ಕೆ ಬಿಟ್ಟರೆ ಬೇರೆ ಹೊತ್ತಿನಲ್ಲಿ ನೀವು ಒಮ್ಮೆಯೂ ಮಾಡಿದವರಲ್ಲ, ಏನೋ ಇರಬೇಕು ಎಂದು ಆಗಲೇ ಅನ್ನಿಸಿತ್ತು. ಮೇಲ್ ನೋಡಿ ಮಾಡಿದಿರಿ ಅಲ್ಲವೇ? ಸ್ಕೂಲಿನಿಂದ ಆಸ್ಪತ್ರೆಗೆ ಸ್ಕೂಟಿಯಲ್ಲಿ ಏಳು ನಿಮಿಷ, ಕುಳ್ಳಮ್ಮನ ಎದೆಬಡಿತ ನಿಲ್ಲುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ನಿಮ್ಮ ಹೆಸರು ನೋಡಿದೆ, ಬಡಿದುಕೊಳ್ಳಲಿ ಬಿಡು ಎಂದು ಫೋನನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಂಡೆ.